ಎಣ್ಣೆ ಕುಡಿಯುವ ಕಾರಿನಲ್ಲಿ ಮಾವ

ಆ ಕಾರನ್ನು ನಾನು ಕೊಂಡದ್ದು ಬಂಟ್ವಾಳದ ಒಬ್ಬ ಅಡಿಕೆ ವ್ಯಾಪಾರಿಯಿಂದ, ಐವತ್ತರ ದಶಕ ಮುಗಿಯುತ್ತಾ ಬಂದಾಗ. ಯುದ್ಧಕ್ಕೆ ಮೊದಲು ವಿಲಾಯತಿಯಿಂದ ಹಡಗಿನಲ್ಲಿ ಬಂದಿದ್ದ ಗಾಡಿ. ಎಷ್ಟು ಮೈಲಿ ಓಡಿತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಮೈಲಿ ತೋರಿಸುವ ಮೀಟರು ಯಾವ ಕಾಲದಲ್ಲೋ ನಿಂತುಹೋಗಿತ್ತು. ಬೆಳ್ತಂಗಡಿ ಪೇಟೆಯಲ್ಲಿ ನಿಲ್ಲಿಸಿ ಬಾಡಿಗೆಗೆ ಓಡಿಸುತ್ತಿದ್ದೆ. ಮದುವೆಯವರು, ಹೆರಿಗೆಗೆ ಹೋಗುವವರು, ಕೋರ್ಟಿಗೆ ಹೋಗುವವರು ನನ್ನ ಗಿರಾಕಿಗಳು.

ಎಂಜಿನಿಗೆ ಶಕ್ತಿ ಇತ್ತು, ಆದರೆ ಎಣ್ಣೆ ಕುಡಿಯುತ್ತಿತ್ತು. ಪಿಸ್ಟನಿನ ರಿಂಗುಗಳು ಸವೆದು ಎಣ್ಣೆ ಮೇಲೆ ಏರಿ ಪೆಟ್ರೋಲಿನ ಜೊತೆ ಉರಿದುಹೋಗುತ್ತಿತ್ತು. ಇಳಿಜಾರಿನಲ್ಲಿ ಸುಮ್ಮನಿದ್ದು, ತಗ್ಗಿಗೆ ಬಂದು ಕಾಲು ಒತ್ತಿದ ಕೂಡಲೇ ಹಿಂದಿನಿಂದ ನೀಲಿ ಹೊಗೆ ಮೋಡದ ಹಾಗೆ ಏಳುತ್ತಿತ್ತು. ಪ್ಲಗ್ಗುಗಳಿಗೆ ಮಸಿ ಹತ್ತಿದರೆ ಒಂದು ಸಿಲಿಂಡರು ಕೆಲಸ ಬಿಟ್ಟು ಗಾಡಿ ಕುಂಟುತ್ತಿತ್ತು. ದಿನ ಬೆಳಗಾದರೆ ನಾನು ಪ್ಲಗ್ಗು ಬಿಚ್ಚಿ ಪೆಟ್ರೋಲಿನಲ್ಲಿ ಅದ್ದಿ ಉಜ್ಜುತ್ತಿದ್ದೆ, ಎಣ್ಣೆಯ ಕಡ್ಡಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ ಮತ್ತೆ ಮತ್ತೆ ಅದ್ದಿ ನೋಡುತ್ತಿದ್ದೆ. ಹೊಸ ಎಣ್ಣೆ ಹಾಕಿ ಪೂರೈಸುವುದು ಆಗದ ಮಾತು. ಬಸ್ಸಿನ ಶೆಡ್ಡಿನವರು ಇಳಿಸಿದ ಕಪ್ಪು ಎಣ್ಣೆಯನ್ನು ತಂದು, ತಳ ಊರಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬಿಸುತ್ತಿದ್ದೆ. ಆ ಡಬ್ಬಿ ಇಲ್ಲದೆ ನಾನು ಕಾರು ಹತ್ತುತ್ತಿರಲಿಲ್ಲ.

ನಮ್ಮದು ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆ. ಯಜಮಾನಿಕೆ ನನ್ನ ತಾಯಿಯ ಅಣ್ಣನದು. ಮಾವನಿಗೆ ಆ ಕಾರನ್ನು ಕಂಡರೆ ಆಗುತ್ತಿರಲಿಲ್ಲ. ಮನೆತನದ ಹುಡುಗ ಬಾಡಿಗೆ ಗಾಡಿಯ ಚಾಲಕನಾದದ್ದೇ ಅವರಿಗೆ ದೊಡ್ಡ ಅವಮಾನ. ಅದರ ಮೇಲೆ ಆ ಹೊಗೆ. "ಗೇಟಿನ ಒಳಗೆ ತರ್ಬೇಡ ಅದನ್ನು. ದನಗಳಿಗೆ ಕೆಮ್ಮು ಬರ್ತದೆ" ಎಂದು ಒಮ್ಮೆ ಹೇಳಿದವರು ಮತ್ತೆ ಅದರ ಸುದ್ದಿ ಎತ್ತಲಿಲ್ಲ. ನಾನು ಗದ್ದೆಯ ಆಚೆ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ನಡೆದು ಮನೆಗೆ ಹೋಗುತ್ತಿದ್ದೆ. ಅವರು ಒಂದು ಸಲವೂ ಅದರಲ್ಲಿ ಕೂತವರಲ್ಲ. ಪೇಟೆಗೆ ಹೋಗಬೇಕಾದರೆ ಬಸ್ಸಿಗೆ ಕಾಯುತ್ತಿದ್ದರು.

ಬೇಸಗೆಯ ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಾಗ ಅತ್ತೆ, ಎಂದರೆ ಮಾವನ ಹೆಂಡತಿ, ಅಂಗಳದ ತುದಿಯಲ್ಲೇ ನನ್ನನ್ನು ತಡೆದು ನಿಲ್ಲಿಸಿದರು.

"ಮಾವನಿಗೆ ಮೂತ್ರ ಕಟ್ಟಿದೆ. ನಿನ್ನೆಯಿಂದ ಒಂದು ಹನಿ ಹೋಗ್ಲಿಲ್ಲವಂತೆ. ನನ್ನ ಹತ್ರ ಸಹ ಹೇಳ್ಲಿಲ್ಲ, ನಾಚಿಕೆ. ಈಗ ಬಿದ್ದು ಹೊರಳ್ತಾ ಇದ್ದಾರೆ."

ಒಳಗೆ ಹೋದೆ. ಇಡೀ ಊರು ಹೆದರುತ್ತಿದ್ದ ಮನುಷ್ಯ ನೆಲದ ಮೇಲೆ ಮಂಡಿಯೂರಿ, ಗೋಡೆಗೆ ಹಣೆ ಒತ್ತಿ ಕೂತಿದ್ದರು. ಕೆಳಹೊಟ್ಟೆ ಕೊಡ ಕವುಚಿಟ್ಟ ಹಾಗೆ ಉಬ್ಬಿತ್ತು. ನನ್ನನ್ನು ಕಂಡು ಮುಖ ತಿರುಗಿಸಿದರು.

"ಬಸ್ಸು ಎಷ್ಟು ಹೊತ್ತಿಗೆ ಉಂಟು?" ಎಂದು ಕೇಳಿದರು.

"ಬಸ್ಸು ಹೋಯ್ತು ಮಾವ. ಕಾರಿನಲ್ಲಿ ಹೋಗುವ."

ಅವರು ಗೋಡೆ ಹಿಡಿದು ಏಳಲು ನೋಡಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ನಾನು ಓಡಿಹೋಗಿ ಕಾರನ್ನು ಅಂಗಳದವರೆಗೆ ತಂದೆ. ಅತ್ತೆ, ಅಮ್ಮ, ನಾನು ಸೇರಿ ಅವರನ್ನು ಎತ್ತಿ ಕೂರಿಸಿದೆವು. ಕೂರಲು ಆಗಲಿಲ್ಲ. ಹಿಂದಿನ ಸೀಟಿನ ಎದುರು ಮಂಡಿಯೂರಿ, ನನ್ನ ಸೀಟಿನ ಬೆನ್ನನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಅತ್ತೆ ಪಕ್ಕದಲ್ಲಿ ಕೂತು ಅವರನ್ನು ಆನಿಸಿಕೊಂಡರು. ಅಮ್ಮ ಮನೆಯಲ್ಲಿ ಉಳಿದಳು.

ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ, ಹಳ್ಳಿಯ ಕಡೆಗೆ ಹೋಗಿದ್ದರು. ಕಂಪೌಂಡರು ಕಾರಿನ ಹತ್ತಿರವೇ ಬಂದು ಮಾವನ ಹೊಟ್ಟೆ ಮುಟ್ಟಿ ನೋಡಿದರು.

"ಇದಕ್ಕೆ ಮೂತ್ರದ ದಾರಿಯಲ್ಲಿ ನಳಿಗೆ ಹಾಕ್ಬೇಕು. ನಾನು ಕೈ ಹಾಕುವುದಿಲ್ಲ. ಮೂಡುಬಿದಿರೆಗೆ ಹೋಗಿ, ಅಲ್ಲಿಯ ಡಾಕ್ಟ್ರಿಗೆ ಅಭ್ಯಾಸ ಉಂಟು. ತಡ ಮಾಡ್ಬೇಡಿ, ಒಳಗೆ ಒಡೆದು ಹೋದ್ರೆ ಕಷ್ಟ."

ಆ ಕೊನೆಯ ಮಾತನ್ನು ಮಾವ ಕೇಳಿಸಿಕೊಂಡರು. ಕಾರು ಹೊರಟಾಗ ಅವರ ಉಸಿರು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು.

ಗುರುವಾಯನಕೆರೆ ದಾಟಿ ವೇಣೂರಿನ ದಾರಿ ಹಿಡಿದೆ. ಆಗ ಅದು ಕೆಂಪು ಮಣ್ಣಿನ, ಗುಂಡಿ ಬಿದ್ದ ರಸ್ತೆ. ಜೋರಾಗಿ ಹೋದರೆ ಗುಂಡಿಗೆ ಬಿದ್ದಾಗ ಮಾವನ ಗಂಟಲಿನಿಂದ ಒಂದು ಸ್ವರ ಹೊರಡುತ್ತಿತ್ತು. ನಿಧಾನ ಹೋದರೆ ಆ ಸ್ವರ ಇಲ್ಲ, ಆದರೆ ದಾರಿ ಸಾಗುವುದಿಲ್ಲ. ಯಾವುದನ್ನು ಆರಿಸುವುದೆಂದು ತಿಳಿಯದೆ ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ಬಿಟ್ಟೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಿಸುತ್ತಲೇ ಇರಲಿಲ್ಲ. ಹೊಗೆ ಮತ್ತು ಧೂಳು ಎರಡೂ ಸೇರಿ ಗೋಡೆಯಾಗಿತ್ತು.

ಅಷ್ಟರಲ್ಲಿ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ನಡುಗಿತು. ಏರಿನಲ್ಲಿ ಅದು ಕೆಳಗೆ ಬಿತ್ತು, ಸಮತಟ್ಟಿನಲ್ಲಿ ಸ್ವಲ್ಪ ಎದ್ದಿತು, ಮತ್ತೆ ಬಿತ್ತು. ಎಂಜಿನಿನ ಒಳಗಿನಿಂದ ಯಾರೋ ಬೆರಳಿನಿಂದ ತಟ್ಟಿದಂಥ ಸದ್ದು ಶುರುವಾಯಿತು. ಆ ಸದ್ದಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಸ್ವಲ್ಪ ಓಡಿಸಿದರೆ ಒಳಗಿನ ಕಬ್ಬಿಣ ಕಬ್ಬಿಣಕ್ಕೆ ಕಚ್ಚಿ ಗಾಡಿ ಇದ್ದಲ್ಲೇ ನಿಲ್ಲುತ್ತದೆ.

ನಿಲ್ಲಿಸಿ ಇಳಿದು ಡಿಕ್ಕಿ ತೆರೆದೆ. ಬೆಳಗ್ಗೆ ತುಂಬಿಸಿ ಇಟ್ಟಿದ್ದ ಡಬ್ಬಿ ಹಗುರವಾಗಿ ಕೈಗೆ ಬಂತು. ಜ್ಯಾಕಿನ ಮೂಲೆ ತಾಗಿ ತಾಗಿ ಡಬ್ಬಿಯ ತಳ ತೂತಾಗಿತ್ತು. ಎಣ್ಣೆಯೆಲ್ಲ ಡಿಕ್ಕಿಯ ಬಿರುಕಿನಿಂದ ದಾರಿಯುದ್ದಕ್ಕೂ ಸೋರಿಹೋಗಿತ್ತು. ಕಡ್ಡಿ ಎಳೆದು ನೋಡಿದೆ, ತುದಿಯಲ್ಲಿ ಮಸಿಯ ಒಂದು ಗೆರೆ ಬಿಟ್ಟರೆ ಏನೂ ಇಲ್ಲ.

"ಯಾಕೆ ನಿಲ್ಲಿಸಿದ್ದು?" ಒಳಗಿನಿಂದ ಮಾವ ಕೇಳಿದರು.

"ಎಣ್ಣೆ ಇಲ್ಲ ಮಾವ."

"ಹಾಗಾದ್ರೆ ನಾನು ಇಲ್ಲೇ ಸಾಯ್ಬೇಕಾ?"

ಬೈಗುಳದ ಧಾಟಿಯಲ್ಲಿ ಹೇಳಲಿಲ್ಲ ಅವರು. ನಿಜವಾಗಿ ಕೇಳಿದರು.

ಸುತ್ತ ನೋಡಿದೆ. ಮುಂದೆ ರಸ್ತೆಯ ಬದಿಗೆ ಒಂದು ಹಂಚಿನ ಮಾಡು, ಅದರ ಹತ್ತಿರ ಎತ್ತು ಸುತ್ತುವ ಎಣ್ಣೆ ಗಾಣ. ಅದು ಯಾರದ್ದೆಂದು ನನಗೆ ಗೊತ್ತಿತ್ತು. ಆ ಊರಿನಲ್ಲಿ ನಮ್ಮ ಒಂದು ಗದ್ದೆ ಇತ್ತು, ಗದ್ದೆಯ ಪಕ್ಕ ಹರಿಯುವ ತೋಡಿಗೆ ವರ್ಷವೂ ಮಣ್ಣು ಕಲ್ಲಿನ ಕಟ್ಟ ಹಾಕಿ ನೀರು ನಿಲ್ಲಿಸುತ್ತಿದ್ದೆವು. ಆ ನೀರಿನಲ್ಲಿ ಪಾಲು ಯಾರಿಗೆ ಎಂದು ಈ ಗಾಣದ ಯಜಮಾನನಿಗೂ ಮಾವನಿಗೂ ಬಂಟ್ವಾಳದ ವಕೀಲರ ಮೂಲಕ ಕೇಸು ನಡೆಯುತ್ತಿತ್ತು. ಒಂದು ಸಲ ತೋಡಿನ ಬದಿಯಲ್ಲೇ ಇಬ್ಬರೂ ಹಾರೆ ಎತ್ತಿದ್ದರು. ಆಮೇಲೆ ಮುಖ ಕೊಟ್ಟು ಮಾತಾಡಿದವರಲ್ಲ.

ನಾನು ಹೋದೆ. ಯಜಮಾನರು ಗಾಣದ ಹತ್ತಿರ ಹಿಂಡಿ ತೆಗೆಯುತ್ತಿದ್ದರು. ಮಾವನ ವಯಸ್ಸೇ, ಆದರೆ ಗಟ್ಟಿ ಆಳು. ನನ್ನನ್ನು ಕಂಡು ಎದ್ದು ನಿಂತರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿ, "ತೆಂಗಿನೆಣ್ಣೆ ಇದ್ರೆ ಸ್ವಲ್ಪ ಕೊಡಿ" ಎಂದೆ.

"ಕಾರಿಗೆ ತೆಂಗಿನೆಣ್ಣೆಯಾ? ಆಗ್ತದಾ ಅದು?"

"ಗೊತ್ತಿಲ್ಲ. ಏನೂ ಇಲ್ಲದ್ದಕ್ಕಿಂತ ಆದೀತು."

ಅವರು ಕೈ ಒರೆಸಿಕೊಂಡು ಕಾರಿನ ಹತ್ತಿರ ನಡೆದರು. ಬಗ್ಗಿ ಒಳಗೆ ನೋಡಿದರು. ಮಂಡಿಯೂರಿ ಬೆವರುತ್ತಿದ್ದ ಮಾವ ತಲೆ ಎತ್ತಿದರು. ಇಬ್ಬರ ಕಣ್ಣೂ ಸೇರಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ಮಾವ ನನ್ನ ಕಡೆಗೆ ತಿರುಗಿ, "ಅವನ ಎಣ್ಣೆ ನನಗೆ ಬೇಡ. ಗಾಡಿ ಬಿಡು" ಎಂದರು.

ಗಾಣದ ಯಜಮಾನರು ನೆಟ್ಟಗೆ ನಿಂತರು. "ನಿಮಗೆ ಯಾರು ಕೊಡ್ತಾರೆ ಮಾರಾಯ್ರೆ? ನಾನು ಕೊಡುವುದು ಕಾರಿಗೆ" ಎಂದು ಹೇಳಿ ಒಳಗೆ ಹೋದರು.

ತಗಡಿನ ಡಬ್ಬಿಯಲ್ಲಿ ತಾಜಾ ಎಣ್ಣೆ ತಂದರು. ಎಂಜಿನಿನ ಮುಚ್ಚಳ ತೆಗೆದಾಗ ಬಿಸಿ ಹಬೆ ಮುಖಕ್ಕೆ ಬಡಿಯಿತು. ಸುರಿಯಲು ಲಾಳಿಕೆ ಇರಲಿಲ್ಲ. ಅವರು ಬಾಳೆಲೆಯ ತುಂಡು ಸುರುಟಿ ಹಿಡಿದರು, ನಾನು ಸುರಿದೆ. ಎಲೆಯಿಂದ ಜಾರಿ ಎಂಜಿನಿನ ಮೇಲೆ ಚೆಲ್ಲಿದ ಎಣ್ಣೆ ಚುಂಯ್ ಎಂದಿತು. ಸ್ಟಾರ್ಟ್ ಮಾಡಿ ಮುಳ್ಳನ್ನೇ ನೋಡುತ್ತಾ ಕೂತೆ. ಅದು ಏಳಲಿಲ್ಲ. ಮಾವ ನನ್ನ ಭುಜವನ್ನು ಹಿಡಿದರು, ಉಗುರು ಅಂಗಿಯ ಮೇಲಿನಿಂದಲೇ ನಾಟಿತು. ಆಮೇಲೆ ಮುಳ್ಳು ಮೆಲ್ಲನೆ, ಮನಸ್ಸಿಲ್ಲದ ಹಾಗೆ, ಮೇಲೆ ಬಂತು.

ನಾನು ಗೇರು ಹಾಕುವಾಗ ಯಜಮಾನರು ಹಿಂದಿನ ಬಾಗಿಲು ತೆರೆದರು. "ಅಕ್ಕ, ನೀವು ಮುಂದೆ ಕೂತ್ಕೊಳ್ಳಿ. ಇವರನ್ನು ಹಿಡಿಯುವುದು ನಿಮ್ಮಿಂದ ಆಗುವ ಕೆಲಸ ಅಲ್ಲ. ಏರಿನಲ್ಲಿ ದೂಡ್ಲಿಕ್ಕೂ ಜನ ಬೇಕು." ಅತ್ತೆ ಮಾವನ ಮುಖ ನೋಡಿದರು. ಮಾವ ಕಣ್ಣು ಮುಚ್ಚಿದ್ದರು. ಅತ್ತೆ ಇಳಿದು, ಉಳಿದ ಎಣ್ಣೆಯ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕ ಕೂತರು.

ನಾನು ಅವರಿಗೆ ಮುಳ್ಳನ್ನು ತೋರಿಸಿದೆ. "ಇದು ಈ ಗೆರೆಯಿಂದ ಕೆಳಗೆ ಬಂದ್ರೆ ಹೇಳಿ ಅತ್ತೆ. ನನಗೆ ರಸ್ತೆ ನೋಡ್ಬೇಕು." ಗಡಿಯಾರವನ್ನೂ ಓದಲು ಬಾರದ ಅತ್ತೆ ಆ ಮುಳ್ಳಿನ ಮೇಲಿಟ್ಟ ಕಣ್ಣನ್ನು ಕೂತಷ್ಟು ಹೊತ್ತೂ ತೆಗೆಯಲಿಲ್ಲ. "ಬಂತು, ಕೆಳಗೆ ಬಂತು" ಎಂದಾಗ ನಿಲ್ಲಿಸಿ ಸುರಿಯುವುದು, ಮತ್ತೆ ಹೊರಡುವುದು. ಪ್ರತಿ ಸಲ ನಿಂತಾಗಲೂ ಮಾವ ನರಳುತ್ತಿದ್ದರು. ಹಿಂದಿನಿಂದ ಯಜಮಾನರ ಸ್ವರ ಕೇಳುತ್ತಿತ್ತು: "ಉಸಿರು ಬಿಡಿ. ಬಿಗಿ ಹಿಡಿಯಬೇಡಿ. ನನ್ನ ಮೇಲೆ ಭಾರ ಹಾಕಿ, ಅಡ್ಡಿ ಇಲ್ಲ."

ವೇಣೂರು ದಾಟಿ ಒಂದು ದೊಡ್ಡ ಏರಿನಲ್ಲಿ ಪ್ಲಗ್ಗು ಹೋಯಿತು. ಕಾರು ಕುಂಟತೊಡಗಿತು. ಪ್ಲಗ್ಗು ಬಿಚ್ಚಿ ಉಜ್ಜಲು ಎಂಜಿನು ಆರಬೇಕು, ಅಷ್ಟು ಹೊತ್ತು ಮಾವ ತಡೆಯುವ ಹಾಗಿರಲಿಲ್ಲ. ಅವರ ಕೈ ಸೀಟಿನಿಂದ ಜಾರಿತ್ತು, ಮಾತಿಗೆ ಓಗೊಡುತ್ತಿರಲಿಲ್ಲ. ನಾನು ಉಳಿದ ಮೂರು ಸಿಲಿಂಡರುಗಳನ್ನೇ ನಂಬಿ ಒಂದನೇ ಗೇರಿನಲ್ಲಿ ಒತ್ತಿದೆ. ಏರಿನ ಮಧ್ಯದಲ್ಲಿ ಗಾಡಿ ನಿಂತು ಹಿಂದೆ ಜಾರಿತು. ಬ್ರೇಕು ಪೂರ್ತಿ ಹಿಡಿಯಲಿಲ್ಲ. ಯಜಮಾನರು ಜಾರುತ್ತಿದ್ದ ಕಾರಿನ ಬಾಗಿಲಿನಿಂದ ಹಾರಿ, ರಸ್ತೆ ಬದಿಯ ಮುರಕಲ್ಲೊಂದನ್ನು ಎತ್ತಿ ಚಕ್ರಕ್ಕೆ ಕೊಟ್ಟರು. ಆಮೇಲೆ ಹಿಂದೆ ಹೋಗಿ ಭುಜ ಕೊಟ್ಟು ದೂಡಿದರು. ಅತ್ತೆಯೂ ಇಳಿದರು. ಹೊಗೆಯಲ್ಲಿ ಅವರಿಬ್ಬರೂ ಕಾಣಿಸುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಏರು ಮುಗಿದು ಕಾರು ಸಮತಟ್ಟಿಗೆ ಬಂದಾಗ ಇಬ್ಬರೂ ಓಡಿಬಂದು ಹತ್ತಿದರು. ಯಜಮಾನರ ಬಿಳಿ ಅಂಗಿ ಕಪ್ಪಾಗಿತ್ತು.

ಮೂಡುಬಿದಿರೆಯ ಡಾಕ್ಟರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದರು. ನಾನೂ ಯಜಮಾನರೂ ಮಾವನನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದೆವು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಮೂವರೂ ಕೂತೆವು. ಒಳಗಿನಿಂದ ಪಾತ್ರೆಯ ಸದ್ದು, ಡಾಕ್ಟರರ ಗದರಿಕೆ, ಒಂದು ಕೂಗು. ಮತ್ತೆ ನಿಶ್ಶಬ್ದ. ಆ ನಿಶ್ಶಬ್ದ ಎಷ್ಟು ಉದ್ದವಾಯಿತೆಂದರೆ ಅತ್ತೆ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ನಿಂತರು. ಆಗ ಒಳಗಿನಿಂದ ಬೇಸಿನಿಗೆ ನೀರು ಬೀಳುವ ಸದ್ದು ಕೇಳಿತು. ಬೀಳುತ್ತಲೇ ಇತ್ತು. ಅದರ ಜೊತೆಗೆ ಮಾವನ ಸ್ವರ: "ಅಮ್ಮಾ... ದೇವರೇ... ಅಮ್ಮಾ..."

ಅತ್ತೆ ಅಳುತ್ತಾ ನಕ್ಕರು. ಯಜಮಾನರು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಡಾಕ್ಟರು ಕೈ ಒರೆಸುತ್ತಾ ಹೊರಗೆ ಬಂದು, "ಬದುಕಿದರು. ನಳಿಗೆ ಕೆಲವು ದಿನ ಇರಲಿ, ಆಮೇಲೆ ಮಂಗಳೂರಿನಲ್ಲಿ ಆಪರೇಶನ್ ಮಾಡಿಸ್ಬೇಕು" ಎಂದರು. ಮೂಗು ಅರಳಿಸಿ ಅಂಗಳದ ಕಡೆ ನೋಡಿ, "ಇಲ್ಲಿ ಯಾರು ಹಪ್ಪಳ ಕರಿಯುವುದು?" ಎಂದು ಕೇಳಿದರು. ಅಂಗಳದಲ್ಲಿ ನನ್ನ ಕಾರು ಇನ್ನೂ ಹೊಗೆಯಾಡುತ್ತಿತ್ತು.

ಯಜಮಾನರು ಮಾವನನ್ನು ನೋಡದೆಯೇ ಸಂಜೆಯ ಬಸ್ಸು ಹಿಡಿದು ಹೋದರು. ಒಳಗೆ ಬನ್ನಿ ಎಂದು ಅತ್ತೆ ಎಷ್ಟು ಹೇಳಿದರೂ ಬರಲಿಲ್ಲ. "ಈಗ ಬೇಡ ಅಕ್ಕ. ಅವರಿಗೆ ಮಲಗಿದಲ್ಲಿಂದ ನನ್ನನ್ನು ನೋಡ್ಲಿಕ್ಕೆ ಕಷ್ಟ ಆಗ್ತದೆ" ಎಂದರು.

ಕಾರನ್ನು ಮೆಲ್ಕಾರಿನ ಹತ್ತಿರದ ಒಬ್ಬ ಮೆಕ್ಯಾನಿಕ್ಕನಲ್ಲಿಗೆ ಎಳೆಸಿಕೊಂಡು ಹೋದೆ. ಎಂಜಿನು ಬಿಚ್ಚಿದಾಗ ಒಳಗೆಲ್ಲ ಬೆಲ್ಲದ ಪಾಕದಂಥ ಕಂದು ಅಂಟು. ಅದನ್ನು ಕೆರೆದು ತೆಗೆದು, ಹೊಸ ರಿಂಗು ಹಾಕಿಸುವಷ್ಟರಲ್ಲಿ ಮಳೆಗಾಲ ಕಳೆಯಿತು.

ಮಾವ ಆಪರೇಶನ್ ಮುಗಿಸಿ ಮನೆಗೆ ಬಂದರು. ಆ ದಿನದ ಬಗ್ಗೆ ಏನೂ ಹೇಳಲಿಲ್ಲ, ಕೇಸನ್ನೂ ಹಿಂದೆ ತೆಗೆಯಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಕೋರ್ಟಿನ ದಿನ ಬೆಳಗ್ಗೆ ಶಾಲು ಹೊದ್ದು ಹೊರಟು ನಿಂತು, "ಕಾರು ತೆಗಿ" ಎಂದರು. ಗುರುವಾಯನಕೆರೆಯಲ್ಲಿ ಬಂಟ್ವಾಳದ ಕಡೆಗೆ ತಿರುಗುವಾಗ, "ಆ ಕಡೆ ಅಲ್ಲ. ವೇಣೂರು ದಾರಿಯಲ್ಲಿ ಹೋಗು" ಎಂದರು. ಅದು ಸುತ್ತು ದಾರಿ. ಗಾಣದ ಎದುರು ನಿಲ್ಲಿಸಲು ಹೇಳಿದರು. ಯಜಮಾನರು ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಾ ನಿಂತಿದ್ದರು.

"ಹತ್ತಿ. ಹೇಗೂ ಒಂದೇ ಕಡೆಗೆ ಅಲ್ವಾ ಹೋಗುವುದು" ಎಂದರು ಮಾವ, ಎದುರಿನ ಗಾಜನ್ನು ನೋಡುತ್ತಾ.

ಅವರು ಹತ್ತಿದರು. ಬಂಟ್ವಾಳದವರೆಗೆ ಕಾರಿನಲ್ಲಿ ಒಂದೂ ಮಾತಿಲ್ಲ. ಕೋರ್ಟಿನಲ್ಲಿ ಇಬ್ಬರ ವಕೀಲರೂ ಗಂಟಲು ಹರಿಯುವಂತೆ ವಾದಿಸಿದರು. ಹೀಗೆ ಎರಡು ಮೂರು ಸಲ ಹೋಗಿ ಬಂದೆವು. ಕೊನೆಗೆ ತೀರ್ಪು ಮಾವನ ವಿರುದ್ಧ ಆಯಿತು, ನೀರಿನಲ್ಲಿ ಇಬ್ಬರಿಗೂ ಪಾಲು ಎಂದು. ಆ ದಿನ ತಿರುಗಿ ಬರುವಾಗಲೂ ಇಬ್ಬರೂ ನನ್ನ ಕಾರಿನಲ್ಲೇ ಇದ್ದರು. ಮಾವನ ಮುಖ ಕಲ್ಲಿನಂತಿತ್ತು.

ಗಾಣದ ಎದುರು ಇಳಿದ ಯಜಮಾನರು ಬಾಗಿಲು ಹಿಡಿದುಕೊಂಡೇ ನಿಂತರು. "ಬರುವ ವಾರ ತೋಡಿಗೆ ಕಟ್ಟ ಹಾಕ್ಬೇಕು. ನಮ್ಮ ಆಳುಗಳು ಸಾಲುವುದಿಲ್ಲ" ಎಂದರು.

ಮಾವ ಅವರ ಕಡೆಗೆ ತಿರುಗಿ, "ಕಲ್ಲು ಉಂಟಾ ನಿಮ್ಮಲ್ಲಿ?" ಎಂದು ಕೇಳಿದರು.

"ಕಲ್ಲು ಉಂಟು."

"ಹಾಗಾದ್ರೆ ಜನ ನಾನು ಕಳಿಸ್ತೇನೆ."