ಹಿಂದಕ್ಕೆ ಹೋಗದ ಕಾರು

ಬೆಟ್ಟದಪುರದ ಕಾಂತರಾಜು ತನ್ನ ಹಳೇ ಅಂಬಾಸಿಡರ್ ಕಾರನ್ನು ಎಂದೂ ಹಿಂದಕ್ಕೆ ಓಡಿಸುವುದಿಲ್ಲ. ತಿರುಗಿಸಬೇಕೆಂದರೆ ಕೆರೆ ಏರಿಯ ಆಚೆವರೆಗೂ ಹೋಗಿ ಸುತ್ತು ಹಾಕಿ ಬರುತ್ತಾನೆ. ಎದುರಿಗೆ ಗೋಡೆ ಸಿಕ್ಕಿತೋ, ಎಂಜಿನ್ ಆರಿಸಿ ಇಳಿದುಬಿಡುತ್ತಾನೆ. ಗೊತ್ತಿಲ್ಲದವರು ನಗುತ್ತಾರೆ. ಗೊತ್ತಿದ್ದವರು ಕಾರನ್ನು ಹಿಂದಕ್ಕೆ ತಳ್ಳಿಕೊಡುತ್ತಾರೆ.

ಹಿಂದೆ ಒಂದು ಆಯುಧಪೂಜೆಯ ದಿನ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಗೋಡೆಗೆ ಮುಖಮಾಡಿ ನಿಲ್ಲಿಸಿದ್ದ ಕಾರಿಗೆ ಪೂಜೆಯಾಗಿ, ಬೂದುಗುಂಬಳ ಒಡೆದು, ಚಕ್ರಗಳಡಿ ನಿಂಬೆಹಣ್ಣು ಇಟ್ಟಿದ್ದರು. ಮುಂದೆ ಜಾಗವಿಲ್ಲ, ನಿಂಬೆಹಣ್ಣು ತುಳಿಸಲು ಹಿಂದಕ್ಕೇ ಬಿಡಬೇಕು. ಬಿಟ್ಟ. ಚಕ್ರ ಏನನ್ನೋ ಹತ್ತಿ ಇಳಿಯಿತು. ಕುಂಬಳದ ಹೋಳಿರಬೇಕೆಂದು ಇನ್ನಷ್ಟು ಬಿಟ್ಟ. ಆ ಹೋಳುಗಳೊಳಗಿನ ಚಿಲ್ಲರೆ ಆರಿಸಿಕೊಳ್ಳುತ್ತ ಕಾರಿನ ಹಿಂದೆ ಕೂತಿದ್ದವಳು ಅವನ ಮಗಳು ರೂಪಶ್ರೀ. ಅವಳಿಗಿನ್ನೂ ತೊದಲು ಮಾತು. ಅಷ್ಟೆಲ್ಲ ಪೂಜೆ ತಿಂದ ದೇವರು ಆ ಹೊತ್ತಿನಲ್ಲಿ ಎಲ್ಲಿ ಸತ್ತಿದ್ದನೋ!

ಕಾರನ್ನು ಮಾರಲಿಲ್ಲ. "ಇದ್ನ ಇನ್ನೊಬ್ರ ಮನೆ ಅಂಗಳಕ್ಕೆ ಕಳ್ಸದಾ?" ಎಂದು ಒಮ್ಮೆ ಅಂದಿದ್ದ, ಅಷ್ಟೇ. ಹೆಂಡತಿ ಸಾಕಮ್ಮ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದ. ಇವತ್ತಿಗೂ ಸ್ಟೇರಿಂಗ್ ಹಿಡಿದಾಗಲೆಲ್ಲ ಕಾರಿನ ಹಿಂದೆ ಯಾರೋ ಕುಕ್ಕರಗಾಲಲ್ಲಿ ಕೂತಿದ್ದಾರೆ ಅನ್ನಿಸುತ್ತದೆ. ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟಿದ್ದಾನೆ.

ಈಗ ಮಗ ಶಿವಶಂಕರನ ಕೂಸು ಅಂಗಳದಲ್ಲಿ ಪುಟ್ಟ ಹೆಜ್ಜೆ ಇಡತೊಡಗಿದೆ. "ಕಾರ್‌ಗೆ ಟ್ಯಾಬು, ಹಿಂದ್ಗಡೆ ಕ್ಯಾಮೆರಾ ಹಾಕ್ಸಪ್ಪ. ಇಲ್ದಿದ್ರೆ ಗುಜರಿಗೆ ಹಾಕ್ಬುಡ್ತೀನಿ" ಎಂದ ಮಗ. ಕೂಸಿನ ವಿಷಯವಾದ್ದರಿಂದ ಕಾಂತರಾಜು ಎದುರಾಡದೆ, ಸಾಕಮ್ಮನನ್ನೂ ಕೂರಿಸಿಕೊಂಡು ಕಾರು ಹೊರಡಿಸಿದ.

ಹುಣಸೂರಿನಲ್ಲಿ ಕಾರುಗಳ ವೈರಿಂಗ್ ಮಾಡುವ ಬೆಟ್ಟಸ್ವಾಮಿ ಹಳೇ ರೇಡಿಯೋ ಕಿತ್ತು, ಡ್ಯಾಶ್‌ಬೋರ್ಡ್ ಕೊಯ್ದು ಟ್ಯಾಬು ಕೂರಿಸಿದ. ನಂಬರ್ ಪ್ಲೇಟಿನ ಮೇಲೆ ಕ್ಯಾಮೆರಾ ಸಿಕ್ಕಿಸಿದ. ಆಮೇಲೆ ಯಾರೂ ಹೇಳದೆಯೇ ಚಕ್ರಗಳಡಿ ನಿಂಬೆಹಣ್ಣು ಇಟ್ಟ. ಪಾಪ, ಅವನಿಗೇನು ಗೊತ್ತು!

"ಹೊಸ ಐಟಂ ಕಣ್ರೀ ಯಜಮಾನ್ರೇ. ಮುಂದೆ ಗ್ವಾಡೆ ಐತೆ, ರಿವರ್ಸ್ ತಗಂಡು ತುಳ್ಸಿ."

"ಒಸಿ ತಳ್ಳಪ್ಪ" ಎಂದು ಕಾಂತರಾಜು ಬಾಗಿಲಿಗೆ ಕೈ ಹಾಕಿದ.

"ಯಾರೂ ತಳ್ಬ್ಯಾಡಿ" ಎಂದಳು ಪಕ್ಕದಲ್ಲಿ ಕೂತಿದ್ದ ಸಾಕಮ್ಮ. ಇಳಿದು ಕಾರಿನ ಹಿಂದಕ್ಕೆ ನಡೆದಳು.

ಅವನು ಎಂಜಿನ್ ಹಚ್ಚಿ, ಬ್ರೇಕ್ ಒತ್ತಿ ಹಿಡಿದು, ಎಷ್ಟೋ ವರ್ಷಗಳ ನಂತರ ಆ ಗೇರ್ ಹಾಕಿದ. ಟ್ಯಾಬು ಬೆಳಗಿತು. ಪರದೆಯ ನಟ್ಟ ನಡುವೆ ಸಾಕಮ್ಮ ನಿಂತಿದ್ದಳು.

"ಕಾಣ್ತೀನಾ?" ಕೂಗಿದಳು.

"ಕಾಣ್ತೀಯ."

"ನಾನೊಬ್ಳೇನಾ?"

ಕಾರಿನ ಹಿಂದೆ ಯಾರೋ ಕೂತಂತೆ ಅವಳಿಗೂ ಅನ್ನಿಸುತ್ತಿತ್ತೆಂದು ಅವನಿಗೆ ಗೊತ್ತಾದದ್ದು ಆಗಲೇ. ಪರದೆಯ ಮೂಲೆಮೂಲೆಯನ್ನೂ ನೋಡಿದ.

"ಒಬ್ಳೇ ಕಣಮ್ಮಿ. ಯಾರೂ ಇಲ್ಲ."

ಸಾಕಮ್ಮ ಒಂದು ಗಳಿಗೆ ತನ್ನ ಮಗ್ಗುಲಿನ ನೆಲವನ್ನೇ ನೋಡಿದಳು. ಆಮೇಲೆ ಬಗ್ಗಿ, ಪುಟ್ಟ ಕೈಯೊಂದನ್ನು ಹಿಡಿದುಕೊಳ್ಳುವಂತೆ ಬೆರಳು ಮಡಿಸಿ, ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತಳು.

"ಕರ್ಕಂಡಿವ್ನಿ. ಈಗ ಬನ್ನಿ" ಎಂದಳು.