ಪುಡಿ ಮಾಡಬಾರದ ಮಾತ್ರೆ

ನಾನು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡುತ್ತಿದ್ದವನು. ತುಮಕೂರು–ಕುಣಿಗಲ್ ರಸ್ತೆಯಲ್ಲಿ ಹತ್ತು ಹನ್ನೆರಡು ವರ್ಷ ಬಸ್ಸು ಹತ್ತಿ ಇಳಿದ ಮೇಲೆ ಮನುಷ್ಯರನ್ನು ನೋಡುವ ನನ್ನ ಕಣ್ಣೇ ಕೆಟ್ಟುಹೋಗಿತ್ತು. ಯಾರಾದರೂ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದರೂ ಸಾಕು, ಇವನ ಹತ್ತಿರ ಟಿಕೆಟ್ ಇಲ್ಲ ಅನ್ನಿಸುತ್ತಿತ್ತು. ಮನೆಯಲ್ಲೂ ಅದೇ ಬುದ್ಧಿ. ಹಾಲಿಗೆ ನೀರು ಬೆರೆಸಿದ್ದಾರೆಂದು ದಿನಾ ಲೋಟ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದೆ. “ನಿಮ್ ಡ್ಯೂಟಿನ ಬಸ್ ಸ್ಟ್ಯಾಂಡಲ್ಲೇ ಬುಟ್ಬನ್ನಿ” ಎಂದು ಹೆಂಡತಿ ರೇಗುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ಗುಬ್ಬಿಯ ನಮ್ಮ ಮನೆಯಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ತುಮಕೂರಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಮಾತು ನಿಂತಿತ್ತು, ಒಂದು ಗುಟುಕು ನೀರೂ ನುಂಗಲಾಗುತ್ತಿರಲಿಲ್ಲ. ಉಳಿಯುವುದು ಕಷ್ಟ ಎಂದೇ ಡಾಕ್ಟರು ಹೇಳಿದ್ದರು. ಮೂಗಿನಿಂದ ಹೊಟ್ಟೆಗೆ ಸಣ್ಣ ಪೈಪು ಇಳಿಸಿದರು. ಆಹಾರ ಬಿಡುವುದು ಮನೆಯವರ ಕೆಲಸ, ಮಾತ್ರೆ ಕೊಡುವುದು ಸಿಸ್ಟರ್ ಕೆಲಸ, ಹೀಗಿತ್ತು ಅಲ್ಲಿಯ ಪದ್ಧತಿ. ಹೆಂಡತಿ ರಾಗಿ ಗಂಜಿಯನ್ನು ಹಳೇ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸಿ ಫ್ಲಾಸ್ಕಿಗೆ ತುಂಬಿ ಕಳಿಸುತ್ತಿದ್ದಳು. ನಾನು ಅದನ್ನು ದೊಡ್ಡ ಸಿರಿಂಜಿನಲ್ಲಿ ಮೆಲ್ಲಗೆ ಪೈಪಿಗೆ ಬಿಡುತ್ತಿದ್ದೆ.

ಸಿಸ್ಟರ್ ಹುಲಿಯೂರುದುರ್ಗದ ಕಡೆಯ ಹುಡುಗಿ. ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಅರೆದು, ನೀರಲ್ಲಿ ಕದಡಿ, ಪೈಪಿಗೆ ಬಿಡುತ್ತಿದ್ದಳು. ಒಂದು ಮಾತ್ರೆ ಆದ ಮೇಲೆ ಬರೀ ನೀರು, ಆಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ಅರೆದು ಮುಗಿಸುವುದು ಬಿಟ್ಟು ಇದೇನು ನಾಟಕ ಎಂದುಕೊಂಡೆ. ಅದರ ಮೇಲೆ, ನನಗೆ ಬೆನ್ನು ಮಾಡಿ ಅರೆಯುತ್ತಿದ್ದಳು. ಟೇಬಲ್ ಇದ್ದದ್ದೇ ಗೋಡೆಯ ಕಡೆ, ಆದರೂ ಅದು ಬೇಕಂತಲೇ ಅಂತ ನನಗೆ ಖಾತ್ರಿಯಾಗಿತ್ತು.

ಎರಡನೇ ದಿನ ಹಿಡಿದೇಬಿಟ್ಟೆ. ಸೇರಿಸಿದ ದಿನ ನಾನೇ ತಂದುಕೊಟ್ಟಿದ್ದ ಗುಲಾಬಿ ಬಣ್ಣದ ಬಿಪಿ ಮಾತ್ರೆಯ ಶೀಟನ್ನು ಅವಳು ಕೋಟಿನ ಜೇಬಿಗೆ ಇಳಿಸಿದಳು.

“ಯಾಕ್ ಸಿಸ್ಟರ್, ಅದ್ನ ಕೊಡ್ಲಿಲ್ವಲ್ಲ?”

“ಅದು ಪುಡಿ ಮಾಡಂಗಿಲ್ಲ ಅಣ್ಣ. ಹೊಟ್ಟೇಲಿ ದಿನವೆಲ್ಲ ಮೆಲ್ಲಗೆ ಕರಗೋ ಮಾತ್ರೆ. ಪುಡಿ ಮಾಡಿ ಪೈಪ್‌ಗೆ ಬುಟ್ರೆ ಎಲ್ಲ ಒಂದೇ ಸಲಕ್ಕೆ ಏರ್ಬಿಡ್ತದೆ. ಡಾಕ್ಟ್ರಿಗೆ ಹೇಳಿ ಬೇರೆದು ಬರೆಸಿದೀನಿ, ಅದ್ನೇ ಕೊಡ್ತಾ ಇರೋದು.”

“ಮತ್ತೆ ಜೇಬಿಗ್ಯಾಕೆ?”

“ಟ್ರೇನಲ್ಲಿದ್ರೆ ಇನ್ನೊಬ್ಬ ಸಿಸ್ಟರ್ ಮರ್ತು ಅರೆದುಬಿಟ್ರೆ?”

ಎಷ್ಟು ಸಲೀಸಾದ ಉತ್ತರ! ಟಿಕೆಟ್ ಇಲ್ಲದವರ ಬಾಯಲ್ಲೇ ಅಂಥ ಸಲೀಸಾದ ಉತ್ತರ ಇರುವುದು. ಆ ಶೀಟು ಸಂಜೆಯೊಳಗೆ ಯಾವುದೋ ಮೆಡಿಕಲ್ ಸ್ಟೋರಿಗೆ ವಾಪಸ್ ಹೋಗುತ್ತದೆ ಎಂದೇ ನಂಬಿದೆ. ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಅವರೂ ಇದರಲ್ಲಿ ಸೇರಿದ್ದರೆ ಎನ್ನುವ ಅನುಮಾನ ಬೇರೆ.

ಮಾರನೇ ದಿನ ಹಳೇ ಚೀಟಿ ತೋರಿಸಿ ಬಿ.ಹೆಚ್. ರಸ್ತೆಯ ಅಂಗಡಿಯೊಂದರಲ್ಲಿ ಅದೇ ಗುಲಾಬಿ ಮಾತ್ರೆ ಒಂದನ್ನು ಶೀಟಿನಿಂದ ಕತ್ತರಿಸಿ ಕೊಡಿಸಿಕೊಂಡೆ. ಮಧ್ಯಾಹ್ನ ಸಿಸ್ಟರ್ ಊಟಕ್ಕೆ ಹೋದಳು. ಚಮಚದ ಬೆನ್ನಿನಲ್ಲಿ ಮಾತ್ರೆ ಒತ್ತಿ ಪುಡಿ ಮಾಡಿ, ನೀರಲ್ಲಿ ಕಲಸಿ, ಗಂಜಿ ಬಿಡುವ ಸಿರಿಂಜಿನಲ್ಲೇ ಪೈಪಿಗೆ ಬಿಟ್ಟೆ. ಅವ್ವನ ಪಾಲಿನದು ಅವ್ವನಿಗೆ ಮುಟ್ಟಿಸಿದೆ ಎಂದು ಹೆಮ್ಮೆಯಾಯಿತು.

ಒಂದು ಗಂಟೆಯೂ ಆಗಿರಲಿಲ್ಲ. ಅವ್ವನ ಹಣೆ ಬೆವರಿತು, ಕೈಕಾಲು ತಣ್ಣಗಾದವು, ಉಸಿರು ಮೇಲೆ ಮೇಲೆ ಬರತೊಡಗಿತು. ನಾನು ಕೂಗಿಕೊಂಡೆ. ಸಿಸ್ಟರ್ ಓಡಿಬಂದು ಬಿಪಿ ನೋಡಿದಳು, ಮಂಚದ ಕಾಲಿನ ಕಡೆಯನ್ನು ಎತ್ತರಿಸಿದಳು. ಡಾಕ್ಟರೂ ಬಂದರು.

“ಏನ್ ಕೊಟ್ರಿ ಈಗ?” ಎಂದು ಡಾಕ್ಟರು ಕೇಳಿದರು.

ಸಿಸ್ಟರ್ ಕಣ್ಣು ಟೇಬಲ್ ಮೇಲಿನ ಸಿರಿಂಜಿಗೆ ಹೋಯಿತು. ಅದರ ತಳದಲ್ಲಿ ಗುಲಾಬಿ ಚೂರುಗಳು ಅಂಟಿದ್ದವು. ಒಂದೇ ಒಂದು ಸಲ ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

“ಮೆಲ್ಲಗೆ ಕರಗೋ ಬಿಪಿ ಮಾತ್ರೆ ಪುಡಿಯಾಗಿ ಹೋಗಿದೆ ಸಾರ್” ಎಂದಳು. “ಬೆಳಗ್ಗೆ ಕೊಟ್ಟ ಬಿಪಿ ಮಾತ್ರೆ ಜೊತೆಗೆ ಇದೂ ಸೇರಿದೆ.”

“ಬುದ್ಧಿ ಇದೆಯೇನಮ್ಮ ನಿಂಗೆ? ಪುಡಿ ಮಾಡ್ಬಾರ್ದು ಅಂತ ಹೇಳ್ದೋಳೂ ನೀನೆ, ಮಾಡ್ದೋಳೂ ನೀನೇನಾ?”

ಅವಳು ಡ್ರಿಪ್ ಏರಿಸಿದಳು. ಏನು ಹೊಟ್ಟೆಗೆ ಹೋಗಿದೆ ಎಂದು ತಕ್ಷಣ ತಿಳಿದದ್ದರಿಂದಲೇ ಸರಿಯಾದ ಔಷಧಿ ಕೊಡಲಿಕ್ಕಾಯಿತು. ಸಂಜೆಯ ಹೊತ್ತಿಗೆ ಅವ್ವನ ಕೈ ಬೆಚ್ಚಗಾಯಿತು. ನಾನು ಆ ಕೈ ಹಿಡಿದುಕೊಂಡು ಅತ್ತೆ.

ಕಾರಿಡಾರಿನಲ್ಲಿ ಸಿಸ್ಟರ್ ಸಿಕ್ಕಾಗ ತಡವರಿಸುತ್ತಾ ಕೇಳಿದೆ: “ನಾನು ಕೊಟ್ಟಿದ್ದು ಅಂತ ಡಾಕ್ಟ್ರಿಗೆ ಯಾಕ್ ಹೇಳ್ಲಿಲ್ಲ ತಾಯಿ?”

“ನೀವೇ ಹೇಳ್ತೀರ ಅಂತ ಕಾದೆ ಅಣ್ಣ” ಎಂದು ಹೇಳಿ ಪಕ್ಕದ ವಾರ್ಡಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಡಾಕ್ಟರು ರೌಂಡ್ಸಿಗೆ ಬಂದರು. ಅವ್ವನ ನಾಡಿ ಹಿಡಿದು ನೋಡಿ, “ಬಚಾವಾದ್ರು. ಆ ಹುಡುಗಿನ ಇನ್ಮೇಲೆ ಕೆಲಸದಲ್ಲಿ ಇಟ್ಕೊಳಲ್ಲ ಬಿಡಿ” ಎಂದರು.

ನಾನು ಕೈ ಮುಗಿದು, “ಒಳ್ಳೇದಾಯ್ತು ಸಾರ್” ಎಂದೆ.