ಮೂಲೆ ಟೇಬಲ್ಲಿನ ಜೋಡಿ ಊಟ

ನನ್ನ ಗಂಡ ಗುರುಪಾದಸ್ವಾಮಿಯವರಿಗೆ ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಒಳ್ಳೆಯ ಹೆಸರಿದೆ. ಈರುಳ್ಳಿ ಮೂಟೆಯನ್ನು ಹೊರಗಿನಿಂದ ಅಮುಕಿ ನೋಡಿಯೇ ಒಳಗೆ ಎಷ್ಟು ಕೊಳೆತಿದೆ ಅಂತ ಹೇಳಿಬಿಡುತ್ತಾರೆ. ಕೇರಳದ ಲಾರಿಗಳು ಲೋಡಾಗುವ ಹೊತ್ತಿಗೆ ಅಲ್ಲಿರಬೇಕು ಅಂತ ನಸುಕಿಗೇ ಮನೆ ಬಿಟ್ಟರೆ, ವಾಪಸು ಬರುವುದು ಮಧ್ಯಾಹ್ನ ಮೂರಕ್ಕೆ. ಕೈಕಾಲು ತೊಳೆದು ಉಣ್ಣಲು ಕೂರುತ್ತಾರೆ, ನಾನು ನಿಂತು ಬಡಿಸುತ್ತೇನೆ. ಗಂಡಸರು ಉಂಡೆದ್ದ ಮೇಲೆ ಹೆಂಗಸರು ಅನ್ನುವುದು ನಮ್ಮತ್ತೆ ದೊಡ್ಡಮಲ್ಲಮ್ಮನವರ ಕಟ್ಟಳೆ. ಅತ್ತೆ ಹೋಗಿ ಆರು ವರ್ಷವಾಯಿತು, ಕಟ್ಟಳೆ ಹೋಗಲಿಲ್ಲ. ಅವರು ಜಗುಲಿಗೆ ಹೋಗಿ ಕಾಲು ಚಾಚಿದ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತೇನೆ. ಮದುವೆಯ ದಿನ ಭೂಮದೂಟ ಅಂತ ಇಬ್ಬರನ್ನೂ ಒಂದೇ ತಟ್ಟೆಗೆ ಕೂರಿಸಿದ್ದರಲ್ಲ, ಅದೇ ಮೊದಲು, ಅದೇ ಕೊನೆ.

ಇಪ್ಪತ್ತೊಂದು ವರ್ಷ ಇದೊಂದು ಕೊರತೆ ಅಂತ ನನಗೆ ಅನ್ನಿಸಿರಲೇ ಇಲ್ಲ. ಎರಡು ಸಾವಿರದ ಏಳರ ದಸರಾ ರಜೆಯಲ್ಲಿ ವಾರಗಿತ್ತಿ ಕಾವ್ಯಶ್ರೀ ಬಂದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಳು.

ಅವಳ ಗಂಡ, ಅಂದರೆ ನನ್ನ ಮೈದುನ ಸೋಮಶೇಖರ್, ಚಾಮರಾಜನಗರದಲ್ಲಿ ಮೇಷ್ಟ್ರು. ಇಬ್ಬರೂ ಮೈಸೂರಿನ ಹತ್ತಿರದ ನೀರಾಟದ ಪಾರ್ಕಿಗೆ ಹೋಗಿ ಬಂದಿದ್ದರು. ಅಲ್ಲಿ ‘ಜೋಡಿ ಪ್ಲಾನ್’ ಅಂತ ಒಂದಿದೆಯಂತೆ. ದುಡ್ಡು ಮೊದಲೇ ಕಟ್ಟಿದರೆ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಬಜ್ಜಿ ಕಾಫಿ. ಮೂರು ಹೊತ್ತೂ ಗಂಡ ಹೆಂಡತಿ ಇಬ್ಬರಿಗೇ ಅಂತ ಒಂದು ಪುಟ್ಟ ಟೇಬಲ್. ಕಾವ್ಯಶ್ರೀ ಫೋಟೋ ತೋರಿಸಿದಳು. ಸೋಮಶೇಖರ್ ಚಮಚದಲ್ಲಿ ಅವಳ ಬಾಯಿಗೆ ಜಾಮೂನು ಇಡುತ್ತಿದ್ದಾನೆ, ಇವಳು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಿದ್ದಾಳೆ. ಥೂ, ಎಂಥ ನಾಚಿಕೆಗೇಡು ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಬೈದುಕೊಂಡೇ ಆ ಫೋಟೋವನ್ನು ನಾಲ್ಕು ಸಲ ಕೇಳಿ ಇಸಕೊಂಡು ನೋಡಿದೆ.

“ಆ ಪ್ಲಾನು ಎಲ್ಲಾ ಜೋಡಿಗೂ ಒಗ್ತದಾ?” ಅಂತ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

“ಇಬ್ರೂ ಚೆನ್ನಾಗಿ ತಿನ್ನೋರಾದ್ರೆ ಒಗ್ತದೆ ಕಣಕ್ಕ. ಭಾನ್ವಾರ ಮಾತ್ರ ಓಗ್ಬೇಡಿ, ಜನ ಜಾಸ್ತಿ. ಸೋಮ್ವಾರ ಓದ್ರೆ ಮೂಲೆ ಟೇಬಲ್ ಸಿಕ್ತದೆ, ಯಾರ ಕಾಟಾನೂ ಇರಲ್ಲ” ಅಂದಳು. ಅಂದವಳು ಸುಮ್ಮನಿರಬಾರದೇ? “ಆದ್ರೆ ಬಾವ ಎಲ್ಲಿ ಬತ್ತಾರೆ ಬುಡಿ” ಅಂತ ಸೇರಿಸಿ ನಕ್ಕಳು. ಆ ನಗು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅವಳಿಗಿಂತ ನಾನು ಯಾವುದರಲ್ಲಿ ಕಡಿಮೆ? ಅವಳ ಗಂಡನಿಗೆ ಹೆಂಡತಿಯ ಎದುರು ಕೂತು ಉಣ್ಣಲು ಬರುತ್ತದೆ, ಅವನ ಅಣ್ಣನಿಗೆ ಬರುವುದಿಲ್ಲವೇ?

ಅವತ್ತೇ ಬಡಿಸುವಾಗ ವಿಷಯ ತೆಗೆದೆ. ನಮ್ಮ ಯಜಮಾನರು ಮುದ್ದೆ ಮುರಿಯುತ್ತಾ ಮಂಡಿಯ ಲೆಕ್ಕದಲ್ಲೇ ಯೋಚಿಸಿದರು.

“ಮಾಲ್ ನೋಡ್ದೆ ಯಾರಾದ್ರೂ ಕಾಸು ಕೊಟ್ಟಾರಾ? ಅನ್ನ ಬೆಂದದಾ, ಸಾರು ಅಳ್ಸದಾ ಅಂತ ಗೊತ್ತಿಲ್ದೆ ಮೊದ್ಲೇ ಕಟ್ಬುಡದಾ? ಓಗ್ಲಿ, ಅಷ್ಟು ದೂರ ಓಗಿ ಉಣ್ಣಾಕೆ ಮನೇಲಿ ಊಟಿಲ್ವಾ?”

ಮನೆಯಲ್ಲಿ ಊಟವಿದೆ ಸ್ವಾಮಿ, ಜೋಡಿ ಎಲ್ಲಿದೆ ಅಂತ ಕೇಳಬೇಕು ಅನ್ನಿಸಿತು. ಕೇಳುವ ಬದಲು ಮಾರನೆಯ ದಿನದಿಂದ ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಬೇಕೆಂದೇ ಮರೆತೆ. ನಾಲ್ಕನೆಯ ದಿನ ಅವರು ಸಾರಿನ ಬಟ್ಟಲು ದೂರ ತಳ್ಳಿ, “ಆಯ್ತು ಕಣಮ್ಮಿ, ಓಗನ. ಸೋಮಂಗೆ ಯೋಳು, ಕಟ್ಬುಡ್ಲಿ” ಅಂದರು. ಅವರ ಮೊಬೈಲನ್ನೇ ಇಸಕೊಂಡು ಚಾಮರಾಜನಗರಕ್ಕೆ ಫೋನ್ ಮಾಡಿದೆ. “ಬರೋ ಸೋಮ್ವಾರಕ್ಕೇ ಕಟ್ಸು, ಮೂಲೆ ಟೇಬಲ್ಲೇ ಬೇಕು” ಅಂತ ಕಾವ್ಯಶ್ರೀಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

ಹೊಟ್ಟೆಕಿಚ್ಚು ಮನುಷ್ಯರನ್ನು ಎಷ್ಟು ಮಂಕು ಮಾಡುತ್ತದೆ ಅನ್ನುವುದು ಗೊತ್ತಾಗಿದ್ದು ಹೊರಡುವ ದಿನ ಬೆಳಿಗ್ಗೆ, ಹಣೆಗೆ ವಿಭೂತಿ ಇಟ್ಟುಕೊಳ್ಳುವಾಗ. ಸೋಮವಾರ ನನ್ನ ಒಪ್ಪತ್ತು. ಸಂಜೆ ದೀಪ ಹಚ್ಚುವವರೆಗೆ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಮದುವೆಯಾದ ಎರಡನೆಯ ವರ್ಷ ಇವರು ಕಾಮಾಲೆಯಲ್ಲಿ ನಲವತ್ತು ದಿನ ಮಲಗಿದ್ದಾಗ ಮಾದಪ್ಪನಿಗೆ ಹೊತ್ತ ಹರಕೆ ಅದು. ಹತ್ತೊಂಬತ್ತು ವರ್ಷದಿಂದ ಒಂದು ಸೋಮವಾರವೂ ತಪ್ಪಿಸಿರಲಿಲ್ಲ. ಈಗ ಮೂರು ಹೊತ್ತು ಊಟಕ್ಕೆ ದುಡ್ಡು ಕಟ್ಟಿಸಿ ಕೂತಿದ್ದೇನೆ! ಒಮ್ಮೆ ದುಡ್ಡು ಕಟ್ಟಿದ ಮೇಲೆ ದಿನ ಬದಲಾಯಿಸಲು ಆಗುವುದಿಲ್ಲವಂತೆ. ಬದಲಾಯಿಸಿದರೂ ಕಾವ್ಯಶ್ರೀ ಬಿದ್ದು ಬಿದ್ದು ನಗುತ್ತಿರಲಿಲ್ಲವೇ?

ಆದರೆ ಬಸ್ಸು ಹತ್ತಿ ಕೂತ ಮೇಲೆ ಬೇರೆಯೇ ಒಂದು ಆಸೆ ಹುಟ್ಟಿತು. ಇವರಿಗೇ ನೆನಪಾಗಬಹುದು. ಇವತ್ತು ನಿಂಗೆ ಒಪ್ಪತ್ತಲ್ವಾ ಅಂತ ಇವರೇ ಕೇಳಬಹುದು. ಅಷ್ಟು ಕೇಳಿಬಿಟ್ಟರೆ ಸಾಕು, ಊಟ ಹಾಳಾಗಿ ಹೋಗಲಿ, ಕಾವ್ಯಶ್ರೀಯ ಜಾಮೂನನ್ನು ನಾನು ನಿವಾಳಿಸಿ ಎಸೆಯುತ್ತೇನೆ. ಬೇಗೂರು ಬಂತು, ನಂಜನಗೂಡು ಬಂತು. ಅವರು ಕಿಟಕಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದರು.

ನಾವು ತಲುಪುವಷ್ಟರಲ್ಲಿ ತಿಂಡಿಯ ಹೊತ್ತು ಮೀರಿತ್ತು. “ನೋಡ್ದಾ, ಒಂದೊತ್ತು ಆಗ್ಲೇ ಲಾಸು” ಅಂತ ಅವರು ಗೊಣಗಿದರು. ಮಧ್ಯಾಹ್ನ ಪಾರ್ಕಿನ ಹುಡುಗನೊಬ್ಬ ನಮ್ಮಿಬ್ಬರನ್ನೂ ಮೂಲೆ ಟೇಬಲ್ಲಿಗೆ ಕರೆದುಕೊಂಡು ಹೋಗಿ ಕೂರಿಸಿದ. ಎರಡು ತಟ್ಟೆ ಬಂದವು. ಪೂರಿ, ಸಾಗು, ಅನ್ನ, ಸಾರು, ಜಾಮೂನು. ನನ್ನ ಗಂಡ ನನ್ನ ಎದುರಿಗೇ ಕೂತಿದ್ದರು. ಎದುರು ಕೂತು ನೋಡಿದಾಗ ಅವರ ಹುಬ್ಬಿನಲ್ಲೂ ನರೆ ಬಂದಿರುವುದು ಕಾಣಿಸಿತು. ಅವರು ನಾಲ್ಕು ಪೂರಿ ಮುಗಿಸಿದರು. ನಾನು ಕೈ ಮಡಿಲಲ್ಲಿಟ್ಟುಕೊಂಡು ಕಾದೆ.

“ಯಾಕಮ್ಮಿ ಉಣ್ತಾ ಇಲ್ಲ? ಕಾಸು ಕಟ್ಟಾಗದೆ.”

“ಇವತ್ತು ಸೋಮ್ವಾರ.”

“ಸೋಮ್ವಾರಾದ್ರೆ?”

ಹತ್ತೊಂಬತ್ತು ವರ್ಷ! “ಸೋಮ್ವಾರ ನಾನು ದೀಪ ಅಚ್ಚೋಗಂಟ ಉಣ್ಣಲ್ಲ. ನಿಮ್ಗೆ ಕಾಮಾಲೆ ಆಗಿತ್ತಲ್ಲ, ಅವತ್ತಿಂದ” ಅಂದೆ.

“ಎಲಾ ಇವ್ಳ! ನಂಗೆ ಗೊತ್ತೇ ಇರ್ನಿಲ್ವಲ್ಲ” ಅಂದರು. ನಿಜವಾಗಿಯೂ ಬೆರಗಾಗಿದ್ದರು. ಎಲ್ಲಿಂದ ಗೊತ್ತಾಗಬೇಕು? ನಾನು ಉಣ್ಣುವುದನ್ನು ನೋಡಿದ್ದರೆ ತಾನೇ ಉಣ್ಣದೆ ಇರುವುದು ಗೊತ್ತಾಗುವುದು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೋ ಏನೋ. ಅವರು ಸಾಗು ಬಳಿದುಕೊಳ್ಳುತ್ತಾ ಖುಷಿಯಿಂದ ಮುಂದುವರಿಸಿದರು.

“ನಮ್ ಅಮಾಲಿ ಮಾದಣ್ಣನೂ ಅಂಗೇ ಕಣಮ್ಮಿ. ಸೋಮ್ವಾರ ಬೆಳಗಿಂದ ಯಾನೂ ಮುಟ್ಟಲ್ಲ. ಮೂಟೆ ಒರೋ ಮನ್ಸ, ತಲೆ ಸುತ್ತಿ ಬಿದ್ಗಿದ್ದಾನು ಅಂತ ನಾನೇ ಎರಡು ಬಾಳೇಣ್ಣು ತಂದು ಬಲವಂತ ಮಾಡಿ ತಿನ್ನುಸ್ತೀನಿ.”

“ಎಷ್ಟು ವರ್ಸದಿಂದ?”

“ಅವ್ನು ಮಂಡಿಗೆ ಬಂದಾಗ್ನಿಂದ. ಅತ್ತು ವರ್ಸ ಆಗಿರ್ಬೇಕು.”

ಕಾವ್ಯಶ್ರೀಯ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚು ಏನೇನೂ ಅಲ್ಲ. ಹತ್ತು ವರ್ಷದಿಂದ ಪ್ರತಿ ಸೋಮವಾರ ನನ್ನ ಗಂಡನ ಕೈಯಿಂದ ಹಣ್ಣು ತಿನ್ನುತ್ತಿದ್ದ ಮಾದಣ್ಣನ ಮೇಲೆ, ಮುಖ ಕೂಡ ಸರಿಯಾಗಿ ನೋಡಿರದ ಆ ಹಮಾಲಿಯ ಮೇಲೆ, ನನಗೆ ಅವತ್ತು ಬಂದ ಹೊಟ್ಟೆಕಿಚ್ಚು ಆ ಮಾದಪ್ಪನಿಗೇ ಗೊತ್ತು. ತಟ್ಟೆ ಹತ್ತಿರ ಎಳೆದುಕೊಂಡು ಪೂರಿ ಮುರಿದು ಬಾಯಿಗಿಟ್ಟೆ.

“ಏಯ್, ಒಪ್ಪತ್ತು ಅಂದೆ? ಅರಕೆ ಕಣಮ್ಮಿ, ಬುಡು!” ಅಂತ ಗಾಬರಿಯಾಗಿ ಕೈ ಅಡ್ಡ ತಂದರು.

ಆ ಕೈಯನ್ನು ಪಕ್ಕಕ್ಕೆ ಸರಿಸಿದೆ. ಪೂರಿ ಮುಗಿಸಿದೆ, ಅನ್ನ ಕಲಸಿದೆ. ಅವರು ತಮ್ಮ ಊಟ ನಿಲ್ಲಿಸಿ ನನ್ನ ಕೈಯನ್ನೂ ಬಾಯನ್ನೂ ನೋಡುತ್ತಾ ಕೂತರು.

“ಸರ್ಯಾಗಿ ನೋಡ್ಕಳಿ. ನಿಮ್ಮ ಎಡ್ತಿ ಉಣ್ಣದು ಇಂಗೆ” ಅಂದೆ.